ವೆಸ್ಟ್ ಇಂಡೀಸ್ ಕುಸಿತಕ್ಕೆ ಆಟಗಾರರನ್ನಷ್ಟೇ ದೂರಿದರೆ ಸಾಲದು

ಓದುಗರ ಪತ್ರ: 2025ರ ಜುಲೈನಲ್ಲಿ ಸಬೀನಾ ಪಾರ್ಕ್‌ನಲ್ಲಿ ಆಸ್ಟ್ರೇಲಿಯಾ ಎದುರು ವೆಸ್ಟ್ ಇಂಡೀಸ್ 27 ರನ್‌ಗೆ ಆಲೌಟ್ ಆದದ್ದನ್ನು ಇನ್ನೂ ಅರಗಿಸಿಕೊಳ್ಳಲು ಆಗುತ್ತಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ಲಾಯ್ಡ್ ತಂಡವನ್ನು ಕಣ್ಣಾರೆ ಕಂಡವನು ನಾನು. ಈಗಿನವರು ಐಪಿಎಲ್ ದುಡ್ಡಿನ ಹಿಂದೆ ಬಿದ್ದು ತಾಯ್ನಾಡನ್ನೇ ಮರೆತಿದ್ದಾರೆ. ಗೇಲ್ ನಮ್ಮ ಆರ್‌ಸಿಬಿಗೆ ಆಡಿದ್ದರಲ್ಲಿ ಅರ್ಧದಷ್ಟು ತಮ್ಮವರಿಗೆ ಆಡಿದ್ದರೂ ಸಾಕಿತ್ತು. ಐಸಿಸಿ ಇವರಿಗೆ ಇನ್ನಷ್ಟು ಹಣ ಕೊಟ್ಟು ಏನು ಪ್ರಯೋಜನ?
— ದಾವಣಗೆರೆಯ ಹಿರಿಯ ಓದುಗರೊಬ್ಬರು

ಸಂಪಾದಕರ ಉತ್ತರ:

ಹಿರಿಯರೇ, ಗ್ರೀನಿಜ್ ಮತ್ತು ರಿಚರ್ಡ್ಸ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟ ಪಂದ್ಯವನ್ನು ನೀವು ನೋಡಿದ್ದೀರಿ. ಗ್ರೀನಿಜ್ 93 ಮತ್ತು 107 ಹೊಡೆದರು, ರಿಚರ್ಡ್ಸ್‌ರನ್ನು ನಮ್ಮ ಚಂದ್ರಶೇಖರ್ ಎರಡೂ ಸಲ ಬೇಗನೆ ಕಳಿಸಿದರು. ಅಂಥ ತಂಡವನ್ನು ಕಂಡ ಕಣ್ಣಿಗೆ 27 ಎಂಬ ಮೊತ್ತ ಎಷ್ಟು ಚುಚ್ಚುತ್ತದೆ ಎಂದು ಬಲ್ಲೆ. ಆದರೆ ತಪ್ಪನ್ನು ನೀವು ಹೊರಿಸಿದ ಕಡೆಗೆ ಹೊರಿಸಲು ನನ್ನಿಂದಾಗದು.

ಗೇಲ್ ವಿಷಯವನ್ನೇ ನೋಡಿ. 2010ರ ನವೆಂಬರ್‌ನಲ್ಲಿ ಗಾಲ್‌ನಲ್ಲಿ ಅವರು 333 ರನ್ ಹೊಡೆದಿದ್ದರು. ಐದೇ ತಿಂಗಳಲ್ಲಿ, ಪಾಕಿಸ್ತಾನ ವಿರುದ್ಧದ ಏಕದಿನ ಸರಣಿ ಶುರುವಾದಾಗ ತಂಡದಲ್ಲಿ ಅವರ ಹೆಸರೇ ಇರಲಿಲ್ಲ. ಗಾಯಗೊಂಡ ಡರ್ಕ್ ನ್ಯಾನಸ್ ಜಾಗಕ್ಕೆ ಆರ್‌ಸಿಬಿ ಕರೆಸಿಕೊಂಡದ್ದು ಆಗಲೇ. ಅದೇ ದಿನಗಳಲ್ಲಿ ರೇಡಿಯೊ ಸಂದರ್ಶನವೊಂದರಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟ್ ಮಂಡಳಿಯನ್ನು ಟೀಕಿಸಿದ್ದು ದೊಡ್ಡ ಜಗಳವಾಗಿ, ವರ್ಷಕ್ಕೂ ಹೆಚ್ಚು ಕಾಲ ಅವರು ತಂಡದಿಂದ ಹೊರಗುಳಿದರು. ಐಪಿಎಲ್ ಅವರನ್ನು ಕಿತ್ತುಕೊಂಡಿತು ಎನ್ನುವುದು ಈ ಕಥೆಗೆ ಒಪ್ಪುವುದಿಲ್ಲ.

ಇನ್ನು 2014ರ ಅಕ್ಟೋಬರ್. ಧರ್ಮಶಾಲಾದಲ್ಲಿ ಭಾರತ ವಿರುದ್ಧದ ನಾಲ್ಕನೇ ಏಕದಿನ ಪಂದ್ಯದ ಟಾಸ್‌ಗೆ ನಾಯಕ ಡ್ವೇನ್ ಬ್ರಾವೊ ಒಬ್ಬರೇ ಬರುವ ಬದಲು ಇಡೀ ತಂಡ ಅವರ ಬೆನ್ನಿಗೆ ಮೈದಾನಕ್ಕೆ ಬಂದು ನಿಂತಿತು. ಆ ಪಂದ್ಯ ಮುಗಿದ ಮೇಲೆ ಪ್ರವಾಸವೇ ಮುರಿದುಬಿತ್ತು. ಕಾರಣ ಇಷ್ಟು: ಮಂಡಳಿ ಮತ್ತು ಆಟಗಾರರ ಸಂಘ ಹೊಸ ವೇತನ ಒಪ್ಪಂದಕ್ಕೆ ಸಹಿ ಹಾಕಿದ್ದವು. ಅಂತರರಾಷ್ಟ್ರೀಯ ಆಟಗಾರರಿಗೆ ಬರುತ್ತಿದ್ದ ಪ್ರಾಯೋಜಕರ ಹಣವನ್ನು ದೇಶೀಯ ಕ್ರಿಕೆಟಿಗರ ಸಂಬಳಕ್ಕೆ ತಿರುಗಿಸುವ ಯೋಜನೆ ಅದು. ಯೋಜನೆ ಒಳ್ಳೆಯದೇ, ದ್ವೀಪಗಳ ಹುಡುಗರಿಗೆ ಅದು ಬೇಕಿತ್ತು. ಆದರೆ ತಮ್ಮ ಆದಾಯ ಕಡಿತವಾಗುವುದಕ್ಕೆ ತಮ್ಮ ಒಪ್ಪಿಗೆಯನ್ನೇ ಕೇಳಲಿಲ್ಲ ಎಂಬುದು ಬ್ರಾವೊ ತಂಡದ ಸಿಟ್ಟು. ಬಿಸಿಸಿಐ ಸುಮಾರು 4.2 ಕೋಟಿ ಡಾಲರ್ ಪರಿಹಾರ ಕೇಳಿತು. ಇಷ್ಟೆಲ್ಲ ಆದರೂ ಮಂಡಳಿಯ ಅಧ್ಯಕ್ಷ ಡೇವ್ ಕ್ಯಾಮರಾನ್ 2019ರವರೆಗೆ ಕುರ್ಚಿಯಲ್ಲಿದ್ದರು.

ಹೇಗೆ ಸಾಧ್ಯ ಎಂದು ಕೇಳುವಿರಿ. ಮಂಡಳಿಯ ಮಾಲೀಕತ್ವ ಆರು ಪ್ರಾದೇಶಿಕ ಸಂಸ್ಥೆಗಳದು: ಬಾರ್ಬಡೋಸ್, ಗಯಾನಾ, ಜಮೈಕಾ, ಟ್ರಿನಿಡಾಡ್, ಲೀವರ್ಡ್ ದ್ವೀಪಗಳು, ವಿಂಡ್‌ವರ್ಡ್ ದ್ವೀಪಗಳು. ಒಂದೊಂದಕ್ಕೆ ಎರಡು ಮತ, ಒಟ್ಟು ಹನ್ನೆರಡು. ಅಧ್ಯಕ್ಷರನ್ನು ಆರಿಸುವವರೂ ಇವರೇ, ನಿರ್ದೇಶಕರನ್ನು ಕಳಿಸುವವರೂ ಇವರೇ, ಸುಧಾರಣೆಗೆ ಒಪ್ಪಿಗೆ ಕೊಡಬೇಕಾದವರೂ ಇವರೇ. 2007ರಲ್ಲಿ ಜಮೈಕಾದ ಮಾಜಿ ಪ್ರಧಾನಿ ಪ್ಯಾಟರ್ಸನ್ ಸಮಿತಿ, 2012ರಲ್ಲಿ ವಿಲ್ಕಿನ್ ಸಮಿತಿ ಈ ರಚನೆ ಬದಲಾಗಬೇಕು ಎಂದವು. 2015ರಲ್ಲಿ ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್ ನೇಮಿಸಿದ ಬ್ಯಾರಿಟೋ ಸಮಿತಿಯಂತೂ ಮಂಡಳಿಯನ್ನು ಕೂಡಲೇ ವಿಸರ್ಜಿಸಿ ಎಂದೇ ಬರೆಯಿತು. ಕೂತ ಕೊಂಬೆಯನ್ನು ಕಡಿಯಲು ಯಾರು ಮುಂದೆ ಬರುತ್ತಾರೆ? 2020ರಲ್ಲಿ ವೆಹ್ಬಿ ಸಮಿತಿ ಮತ್ತೆ ಸುಧಾರಣೆಯ ದಾರಿ ತೋರಿಸಿತು. ಮರುವರ್ಷದ ವಾರ್ಷಿಕ ಸಭೆಗೆ ಬಾರ್ಬಡೋಸ್, ಗಯಾನಾ ಪ್ರತಿನಿಧಿಗಳು ಬರದೆ, ಕೋರಂ ಇಲ್ಲದೆ ಚುನಾವಣೆಯೇ ಮುಂದಕ್ಕೆ ಹೋಯಿತು.

ನೀವು ತಾಯ್ನಾಡು ಎಂದಿರಿ. ವೆಸ್ಟ್ ಇಂಡೀಸ್ ಎಂಬ ದೇಶವಿಲ್ಲ ಎನ್ನುವುದೇ ಇಲ್ಲಿನ ದೊಡ್ಡ ತೊಡಕು. ನಮ್ಮಲ್ಲಿ ಬಿಸಿಸಿಐ ತಪ್ಪಿದಾಗ ಸುಪ್ರೀಂ ಕೋರ್ಟ್ ಲೋಧಾ ಸಮಿತಿಯನ್ನು ನೇಮಿಸಿತು, 2017ರ ಜನವರಿಯಲ್ಲಿ ಅಧ್ಯಕ್ಷರನ್ನೇ ಕೆಳಗಿಳಿಸಿತು. ಆ ಸುಧಾರಣೆ ಎಷ್ಟು ಉಳಿಯಿತು ಎಂಬುದು ಬೇರೆ ಚರ್ಚೆ. ಅಲ್ಲಿ ಹತ್ತಾರು ಸರ್ಕಾರಗಳು, ಎಲ್ಲರನ್ನೂ ಕಟ್ಟುವ ಒಂದು ಸಂಸತ್ತಿಲ್ಲ. ಸರ್ಕಾರಗಳು ಕೈ ಹಾಕಿದರೆ ಐಸಿಸಿ ನಿಯಮ ಅಡ್ಡ ಬರುತ್ತದೆ. ಹೀಗಾಗಿ ಮಂಡಳಿಯನ್ನು ಕೇಳುವವರೇ ಇಲ್ಲ.

ಕ್ರಿಕೆಟ್ಟೊಂದೇ ಅಲ್ಲ. ಟ್ರಿನಿಡಾಡ್‌ನ ಫುಟ್‌ಬಾಲ್ ದೊರೆ ಜಾಕ್ ವಾರ್ನರ್ ಕಾಲದಲ್ಲಿ ಟುನಾಪುನಾದ ಬಳಿ ಸುಮಾರು 2.6 ಕೋಟಿ ಡಾಲರ್‌ನ ತರಬೇತಿ ಕೇಂದ್ರ ಎದ್ದಿತು. ಅದರ ಜಾಗ ಅವರದೇ ಕಂಪನಿಗಳ ಹೆಸರಿನಲ್ಲಿತ್ತು ಎಂದು 2013ರಲ್ಲಿ ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಫುಟ್‌ಬಾಲ್ ಒಕ್ಕೂಟ ಕಾಂಕಾಕ್ಯಾಫ್‌ನ ತನಿಖಾ ಸಮಿತಿ ಹೇಳಿತು. 2015ರಲ್ಲಿ ಫಿಫಾ ಅವರಿಗೆ ಆಜೀವ ನಿಷೇಧ ಹೇರಿತು.

ಆಟಗಾರರ ಪ್ರೀತಿಯ ಬಗ್ಗೆ ನಿಮಗೆ ಅನುಮಾನವಿದ್ದರೆ 2016ರ ಏಪ್ರಿಲ್‌ನ ಈಡನ್ ಗಾರ್ಡನ್ಸ್ ನೆನಪಿಸಿಕೊಳ್ಳಿ. ಬ್ರಾತ್‌ವೇಟ್ ನಾಲ್ಕು ಸಿಕ್ಸರ್ ಬಾರಿಸಿ ಟಿ20 ವಿಶ್ವಕಪ್ ಗೆಲ್ಲಿಸಿದ ಮೇಲೆ ನಾಯಕ ಸ್ಯಾಮಿ ಮೈಕ್ ಮುಂದೆ ಕಣ್ಣೀರು ತಡೆದುಕೊಂಡು ಮಾತಾಡಿದರು. ಟೂರ್ನಿಗೆ ಹೊರಟಾಗ ತಂಡಕ್ಕೆ ಸಮವಸ್ತ್ರವೂ ಇರಲಿಲ್ಲ, ಮ್ಯಾನೇಜರ್ ರಾಲ್ ಲೂಯಿಸ್ ದುಬೈ ಶಿಬಿರ ಬಿಟ್ಟು ಕೋಲ್ಕತ್ತಕ್ಕೆ ಬಂದು ಅದನ್ನು ಹೊಂದಿಸಿದರು ಎಂದರು. ಅದೇ ದಿನ ಅಲ್ಲೇ ಅವರ ಮಹಿಳಾ ತಂಡವೂ ವಿಶ್ವಕಪ್ ಗೆದ್ದಿತ್ತು. ನಾಲ್ಕು ತಿಂಗಳ ಬಳಿಕ ಸ್ಯಾಮಿಯನ್ನು ನಾಯಕತ್ವದಿಂದ ತೆಗೆದರು.

ಹಣದ ಬಗ್ಗೆ ನಿಮ್ಮ ಕೊನೆಯ ಪ್ರಶ್ನೆ. ಐಸಿಸಿಯ ಈಗಿನ ಹಂಚಿಕೆಯಲ್ಲಿ ಭಾರತಕ್ಕೆ ಸುಮಾರು ಶೇ. 38.5, ವೆಸ್ಟ್ ಇಂಡೀಸ್‌ಗೆ ಶೇ. 5ಕ್ಕಿಂತ ಕಡಿಮೆ. ಇದು ಅನ್ಯಾಯ, ಅವರ ಪಾಲು ಹೆಚ್ಚಬೇಕು ಎಂದೇ ನನ್ನ ನಿಲುವು. ಆದರೆ ಹೆಚ್ಚಿದ ಹಣ ಆ ಹನ್ನೆರಡು ಮತಗಳ ಕೈಗೆ ಹಾಗೇ ಹೋಗಬಾರದು. ಸ್ವತಂತ್ರ ನಿರ್ದೇಶಕರಿಗೆ ಬಹುಮತವಿರುವ ಮಂಡಳಿ, ಪ್ರತಿ ವರ್ಷ ಜನರ ಮುಂದಿಡುವ ಲೆಕ್ಕಪತ್ರ, ಈ ಎರಡು ಷರತ್ತುಗಳನ್ನು ಐಸಿಸಿ ಹಾಕಬಲ್ಲದು, ಹಾಕಬೇಕು. ಐಸಿಸಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ನಡೆಯುವುದು ಭಾರತದ್ದು. ಹಾಗಾಗಿ ಈ ಒತ್ತಾಯ ನಮ್ಮ ಬಿಸಿಸಿಐ ಕಡೆಯಿಂದಲೇ ಬರಲಿ.