ಚಳಿಗಾಲ ಪೂರ್ತಿ ಕಾರ್ ನಿಲ್ಲಿಸೋ ಮುಂಚೆ ಏನೇನ್ ಮಾಡ್ಬೇಕು?

ಮೂರ್ನಾಲ್ಕು ತಿಂಗಳು ಕಾರ್ ತೆಗೆಯಲ್ಲ ಅಂದ್ರೆ ಮೊದಲು ಬ್ಯಾಟರಿ ನೋಡ್ಕೊಳ್ಳಿ, ಯಾಕಂದ್ರೆ ಫುಲ್ ಚಾರ್ಜ್ ಇರೋ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟಲ್ಲ, ಆದ್ರೆ ಪೂರ್ತಿ ಇಳಿದುಹೋಗಿರೋದು ಮೈನಸ್ 10ರ ಹತ್ರ ಬಂದ್ರೆ ಸಾಕು ಒಳಗೇ ಗಟ್ಟಿಯಾಗಿ ಒಡೆದುಹೋಗ್ಬಹುದು. ಚಾರ್ಜ್ ಮಾಡಿ ನೆಗೆಟಿವ್ ವೈರ್ ಬಿಚ್ಚಿಡಿ. ಎಂಜಿನ್ ತಣ್ಣಗಿಡೋ ಕೂಲಂಟೂ ನೀರೂ ಅರ್ಧಕ್ಕರ್ಧ ಇದ್ರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟದೆ ತಡೆಯುತ್ತೆ. ಪೆಟ್ರೋಲ್ ಟ್ಯಾಂಕ್ ತುಂಬ್ಸಿಡಿ. ಹ್ಯಾಂಡ್‌ಬ್ರೇಕ್ ಎಳೀಬೇಡಿ, ತುಕ್ಕು ಹಿಡಿದು ಅಂಟ್ಕೊಂಡ್ಬಿಡುತ್ತೆ, ಗೇರಲ್ಲಿಟ್ಟು ಚಕ್ರಕ್ಕೆ ಅಡ್ಡ ಮರದ ತುಂಡು ಕೊಡಿ. ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಅಂತ ತುಂಬಾ ಜನ ಹೇಳ್ತಾರೆ, ನನ್ ಪ್ರಕಾರ ಬೇಡ್ವೇ ಬೇಡ, ಎಂಜಿನ್ ಸರಿಯಾಗಿ ಬಿಸಿ ಆಗದೆ ಆಯಿಲಲ್ಲೂ ಸೈಲೆನ್ಸರಲ್ಲೂ ನೀರು ಸೇರ್ಕೊಳ್ಳುತ್ತೆ. ಹೊದಿಸೋದಾದ್ರೆ ಪ್ಲಾಸ್ಟಿಕ್ ಬೇಡ, ಗಾಳಿ ಆಡೋ ಕವರೇ ಹಾಕಿ.