ಹಾಜರಿ ಸರಿಯಿದೆ, ಗಣಿತ ಮಾತ್ರ ಫೇಲು

ಪುಣೆ ಪಕ್ಕದ ಪಿಂಪ್ರಿ-ಚಿಂಚ್‌ವಡದ ಶಾಲೆಗಳಿಂದ ಸಲಹೆಗೆಂದು ನನ್ನ ಹತ್ತಿರ ಬರುವ ಮಕ್ಕಳ ಜೊತೆ ಒಂದು ಹಣೆಪಟ್ಟಿಯೂ ಬರುತ್ತದೆ. ಸೋಮಾರಿ, ಗಮನ ಇಲ್ಲ, ಮನೆಯವರಿಗೆ ಕಾಳಜಿ ಇಲ್ಲ. ಈ ಹುಡುಗಿಯದ್ದೂ ಹಾಗೇ. ಎಂಟನೇ ಕ್ಲಾಸು, ವಿಜಯಪುರ ಕಡೆಯ ಕುಟುಂಬ. ಅಪ್ಪನಿಗೆ ಕಟ್ಟಡ ಕೆಲಸ, ಅಮ್ಮ ಮನೆಮನೆಗೆ ಅಡುಗೆಗೆ ಹೋಗುತ್ತಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಉಳಿದ ವಿಷಯಗಳಲ್ಲಿ ಪಾಸು, ಗಣಿತದಲ್ಲಿ ಮಾತ್ರ ಫೇಲು. ತಲೆಗೆ ಹತ್ತಲ್ಲ, ಟ್ಯೂಷನ್‌ಗೆ ಹಾಕಿ ಅಂತ ಶಾಲೆ ಹೇಳಿಯಾಗಿತ್ತು.

ಟ್ಯೂಷನ್ ಫೀಸು ಆ ಮನೆಗೆ ಸಣ್ಣ ಮಾತಲ್ಲ. ಅದಕ್ಕೂ ಮುಂಚೆ ಎಲ್ಲರೂ ಒಮ್ಮೆ ಒಟ್ಟಿಗೆ ಕೂರೋಣ ಅಂದೆ. ಕ್ಲಾಸ್ ಟೀಚರ್ ಹಾಜರಿ ತರಲಿ, ಗಣಿತದ ಸರ್ ಅಂಕಪಟ್ಟಿ ತರಲಿ, ಗೇಟಿನಲ್ಲಿ ವಾಚ್‌ಮನ್ ಬರೆದಿಡುವ ಲೇಟ್ ವಹಿಯೂ ಬರಲಿ. ತಾಯಿ, ಮಗಳು ಇಬ್ಬರೂ ಇರಬೇಕು. ಮಗುವಿನ ಎದುರಿಗೆ ಇದೆಲ್ಲ ಯಾಕೆ ಅಂತ ಒಬ್ಬರು ಗೊಣಗಿದರು. ಅವಳದೇ ಲೆಕ್ಕ, ಅವಳಿಲ್ಲದೆ ಬಿಡಿಸೋದು ಹೇಗೆ?

ವಹಿ ನೋಡಿ ಲೇಟಾದ ತಾರೀಖುಗಳನ್ನು ಒಂದೇ ಸಾಲಿನಲ್ಲಿ ಬರಿ ಅಂತ ಹುಡುಗಿಗೇ ಹೇಳಿದೆ. ಬರೆದಳು. 1, 3, 5, 9, 11, 13. ನಡುವಿನ 7 ಭಾನುವಾರ.

ಗಣಿತದ ಸರ್ ಹಾಳೆ ತಮ್ಮ ಕಡೆ ಎಳೆದುಕೊಂಡರು. "ಒಂದು ವಾರ ಸೋಮವಾರ ಲೇಟು, ಮುಂದಿನ ವಾರ ಮಂಗಳವಾರ ಲೇಟು. ಮನಸ್ಸು ಬಂದಾಗ ಬರ್ತಾಳೆ ಅಂದ್ಕೊಂಡಿದ್ದೆ."

ನಾನು ಕನ್ನಡದಲ್ಲಿ ತಾಯಿಯನ್ನು ಕೇಳಿದೆ. ಆಕೆ ಹಾಳೆ ನೋಡಲೂ ಇಲ್ಲ. "ಅವು ನೀರು ಬರೂ ದಿನಾರೀ. ನಾ ಆರಕ್ಕ ಕೆಲಸಕ್ಕ ಹೋಗತೇನಿ. ಡ್ರಮ್ ಅಕಿನೇ ತುಂಬಬೇಕಲ್ರೀ."

ಇದನ್ನೇ ಮರಾಠಿಯಲ್ಲಿ ಹೇಳಿದೆ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಪವನಾ ಡ್ಯಾಮಿನ ನೀರು ಈ ಊರಿಗೆ 2019ರ ನವೆಂಬರ್‌ನಿಂದ ದಿನ ಬಿಟ್ಟು ದಿನವೇ ಬರೋದು. ದೊಡ್ಡ ಟ್ಯಾಂಕ್ ಇರುವ ಅಪಾರ್ಟ್‌ಮೆಂಟಿನವರಿಗೆ ಅದು ನೆನಪೂ ಇರಲ್ಲ, ಅಷ್ಟೇ. ಮೊದಲೇ ಯಾಕೆ ಹೇಳಲಿಲ್ಲ ಅಂತ ಸರ್ ಕೇಳಿದ್ದಕ್ಕೆ ಹುಡುಗಿ, "ಕ್ಲಾಸಲ್ಲಿ ನಗ್ತಾರೆ" ಅಂದಳು.

ಮೊದಲ ಪೀರಿಯಡ್ ಗಣಿತ. ಹಾಜರಿ ಹಾಕೋದು ಎರಡನೆಯದರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ನೂರಕ್ಕೆ 10ರಷ್ಟು, ಅಂದ್ರೆ 22 ದಿನ ತಪ್ಪಿಸಿದ ಮಗುವಿನ ಮೇಲೆ ಕಣ್ಣಿಡಿ ಅನ್ನೋ ಅಳತೆ ಹಲವು ದೇಶಗಳ ಶಾಲೆಗಳಲ್ಲಿದೆ. ಒಳ್ಳೆಯ ಅಳತೆಯೇ. ಆದರೆ ಆ ಜರಡಿಯಲ್ಲಿ ಇವಳು ನಿಲ್ಲೋದೇ ಇಲ್ಲ. ರಿಜಿಸ್ಟರಿನಲ್ಲಿ ಇವಳು ದಿನಾ ಹಾಜರ್!

ನಾನು ಕೊಟ್ಟ ಸಲಹೆ ಇಷ್ಟೇ. ಗಣಿತವನ್ನು ಮೂರನೇ ಪೀರಿಯಡ್‌ಗೆ ತಳ್ಳಿ. ನೀರಿನ ದಿನ ಗೇಟಿನಲ್ಲಿ ನಿಲ್ಲಿಸಬೇಡಿ. ತಿಂಗಳಿಗೊಮ್ಮೆ ಹಾಜರಿ, ಲೇಟ್ ವಹಿ, ಅಂಕ ಮೂರನ್ನೂ ಒಂದೇ ಹಾಳೆಗೆ ತಂದು, ಪಾಠ ಮಾಡುವವರೆಲ್ಲ ಒಟ್ಟಿಗೆ ನೋಡಿ. ಆ ಹಾಳೆ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಹೋಗಕೂಡದು. ಮನೆಯ ಕಾರಣವನ್ನಂತೂ ಬರೆಯಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ನೋಡುತ್ತದೆ. ಕಾಯ್ದೆ ಇರಲಿ, ಬಿಡಲಿ, ನೀರು ಹೊರುವ ಹುಡುಗಿ ಅಂತ ಅವಳಿಗೆ ಹೊಸ ಹಣೆಪಟ್ಟಿ ಬೇಕಾಗಿಲ್ಲ.

ಒಬ್ಬಳಿಗಾಗಿ ಟೈಮ್‌ಟೇಬಲ್ ಬದಲಿಸೋದಾ ಅಂತ ಆಕ್ಷೇಪ ಬಂತು. ಮನೆಗೆಲಸ ಬಿಡಿಸಿ ಅಂತ ತಾಯಿಗೆ ಯಾಕೆ ಬುದ್ಧಿ ಹೇಳಲಿಲ್ಲ ಅಂತ ನನ್ನ ಜೊತೆಯವರೇ ಕೇಳಿದರು. ಹೇಳಬಹುದಿತ್ತು. ಆರು ಗಂಟೆಗೆ ಕೆಲಸಕ್ಕೆ ಹೋಗದಿದ್ದರೆ ಆಕೆಯ ಸಂಬಳಕ್ಕೆ ಯಾರು ಹೊಣೆ? ಶಾಲೆ ಒಂದು ಪೀರಿಯಡ್ ಸರಿಸಬಹುದು, ಆಕೆ ನಲ್ಲಿಯ ಹೊತ್ತು ಸರಿಸೋಕಾಗಲ್ಲ. ಕೊನೆಗೆ ಮುಖ್ಯಾಧ್ಯಾಪಕರು ವಹಿಯ ಹಿಂದಿನ ಪುಟ ತಿರುವಿದರು. ಅದೇ ಓಣಿಯ ಇನ್ನೂ ಕೆಲವು ಮಕ್ಕಳ ಹೆಸರು ಅವೇ ತಾರೀಖುಗಳಲ್ಲಿದ್ದವು.

ಗಣಿತ ಈಗ ಮೂರನೇ ಪೀರಿಯಡ್. ಹುಡುಗಿ ಅರ್ಧವಾರ್ಷಿಕದಲ್ಲಿ ಪಾಸಾದಳು, ಅಂಚಿನಲ್ಲಿ. ಬೀಜಗಣಿತ ಇನ್ನೂ ತೊಡಕಾಗಿದೆ. ತಪ್ಪಿಹೋದ ಪಾಠಗಳನ್ನು ಸರ್ ಶನಿವಾರ ಆ ಮಕ್ಕಳಿಗೆ ಒಟ್ಟಿಗೆ ಹೇಳಿಕೊಡುತ್ತಿದ್ದಾರೆ.