ಅಂಗಡಿಯಲ್ಲಿ 250 ಗಜ, ಮೈಸೂರಿನಲ್ಲಿ 210

ಪ್ರಶ್ನೆ: ಗಾಲ್ಫಿಗೆ ಹೊಸ ಡ್ರೈವರ್ (ದೂರ ಹೊಡೆಯುವ ಉದ್ದ ಕೋಲು) ಕೊಂಡೆ. ಅಂಗಡಿಯ ಯಂತ್ರ 250 ಗಜ ತೋರಿಸಿತು. ಇಲ್ಲಿ ಬೆಟ್ಟದ ಬುಡದ ಕೋರ್ಸಿನಲ್ಲಿ 210 ದಾಟುತ್ತಿಲ್ಲ. ಮೋಸ ಹೋದೆನಾ ಸಾರ್?
– ಓದುಗರು, ಕುವೆಂಪುನಗರ

ಈ ತಿಂಗಳು ಇದೇ ಪ್ರಶ್ನೆ ನಾಲ್ಕನೇ ಸಲ. ಅಂಗಡಿಯಲ್ಲಿ ಹದಿನೈದು ಹೊಡೆದಿರುತ್ತೀರಿ, ನೆನಪಿರುವುದು ಮಾತ್ರ ಆ ಒಂದು 250, ಅಲ್ವಾ? ಬಲೆಯೊಳಗಿನ ಯಂತ್ರ ಚೆಂಡಿನ ವೇಗ, ಎದ್ದ ಕೋನ, ಸ್ಪಿನ್ ನೋಡುತ್ತದೆ, ಮುಂದಿನ ಹಾರಾಟ ಬರೀ ಲೆಕ್ಕ. ಉರುಳಿದ ದೂರವನ್ನೂ ಸೇರಿಸಿ ತೋರಿಸಿರಬಹುದು. ಮಳೆಗಾಲದ ಒದ್ದೆ ಹುಲ್ಲಿನಲ್ಲಿ ಚೆಂಡು ಎಲ್ಲಿ ಉರುಳುತ್ತೆ? ಮೈಸೂರಿನ ಗಾಳಿಯನ್ನು ಮಾತ್ರ ಬೈಯಬೇಡಿ. ನಾವು ಸುಮಾರು 770 ಮೀಟರ್ ಎತ್ತರದಲ್ಲಿದ್ದೇವೆ, ಗಾಳಿ ತೆಳು, ಕಡಲಂಚಿನ ಮಂಗಳೂರಿಗಿಂತ ಇಲ್ಲಿ ಚೆಂಡು ಸ್ವಲ್ಪ ಜಾಸ್ತಿಯೇ ಹೋಗಬೇಕು.

ಹಳೇ ಡ್ರೈವರನ್ನೂ ತನ್ನಿ. ಅದಿಲ್ಲದೆ ಪರೀಕ್ಷೆಯೇ ಇಲ್ಲ. ಅಭ್ಯಾಸದ ರೇಂಜಿನ ಸವೆದ ಚೆಂಡು ಬೇಡ, ನೀವು ಆಡುವ ಚೆಂಡೇ ಇರಲಿ. ಹಳೇದರಲ್ಲಿ ಐದು, ಹೊಸದರಲ್ಲಿ ಐದು, ಹೀಗೆ ಬದಲಾಯಿಸುತ್ತಾ ಒಂದೊಂದರಲ್ಲಿ ಇಪ್ಪತ್ತು ಹೊಡೆದು ನಿಲ್ಲಿಸಿ, ಆಮೇಲೆ ಹೊಡೆಯುವುದು ಸುಸ್ತು, ನೀವಲ್ಲ. ಮರದೊಳಗೆ ಹೋದದ್ದನ್ನೂ ಬರೆದುಕೊಳ್ಳಿ. ಅದನ್ನು ಬಿಟ್ಟು ಲೆಕ್ಕ ಹಾಕುವವರೇ ಜಾಸ್ತಿ, ನನಗೆ ಸಿಟ್ಟು ಬರುವುದೂ ಅಲ್ಲೇ.

ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರಿನಿಂದ ಚುಕ್ಕಿ ಇಡಿ. ಡ್ರೈವರ್ ಮುಖದ ಮೇಲೆ, ಅಂದರೆ ಚೆಂಡಿಗೆ ತಾಗುವ ಬದಿಯಲ್ಲಿ, ಅದು ಅಚ್ಚಾಗುತ್ತದೆ. ಪ್ರತಿ ಸಲ ಒರೆಸಿ. ನಡುವೆ ಬಿದ್ದರೆ ಸರಿ. ಹಿಮ್ಮಡಿ (ಮುಖಕ್ಕೆ ಕೋಲು ಸೇರುವ ಬದಿ) ಕಡೆಗೋ ಮುಂತುದಿಗೋ ಚದುರಿದ್ದರೆ ಚೆಂಡಿನ ವೇಗ ಅಲ್ಲೇ ಸೋರಿತು. ಹಾಗಿದ್ದರೆ ಕೋಲನ್ನು ಒಂದು ಇಂಚು ಕೆಳಗೆ ಹಿಡಿದು ಹೊಡೆಯಿರಿ. ಈಗಿನ ಡ್ರೈವರುಗಳು 45 ಇಂಚಿನ ಮೇಲೇ ಬರುತ್ತವೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಉದ್ದ. ನಿಧಾನ ಬೀಸುವವರು ಮುಖದ ಓರೆ 9 ಡಿಗ್ರಿ ಇರುವುದನ್ನೇ ಕೇಳುವುದು ಬರೀ ಜಂಬಕ್ಕೆ. 10.5 ಹಿಡಿದು ನೋಡಿ, ದುಡ್ಡು ಕೊಡುವ ಮುಂಚೆ.

ಪ್ರಶ್ನೆ: ಡ್ರೈವರಿನ ಮುಖ ಉಜ್ಜಿಸಿ ತೆಳು ಮಾಡಿಸಿದರೆ 20 ಗಜ ಜಾಸ್ತಿ ಅಂತಾರೆ?

ಹೇಳಿದವನ ಹತ್ತಿರ ಇನ್ನು ಹೋಗಬೇಡಿ. ಮುಖ ಎಷ್ಟು ಚಿಮ್ಮಬೇಕು ಅನ್ನುವುದಕ್ಕೆ ನಿಯಮದ ಮಿತಿ ಇದೆ, ಕಂಪನಿಯವರು ಅದರ ಅಂಚಿಗೇ ತಂದಿರುತ್ತಾರೆ. ಹಾಗೆ ಉಜ್ಜಿಸಿದ್ದೊಂದು ನನ್ನ ಕಣ್ಣೆದುರೇ ಎರಡನೇ ಬುಟ್ಟಿ ಚೆಂಡು ಮುಗಿಯುವುದರೊಳಗೆ ಸೀಳಿತು.

ಪ್ರಶ್ನೆ: ಡ್ರೈವರಿಗೆ 48 ಇಂಚಿನ ಶಾಫ್ಟ್ (ಹಿಡಿಯ ಕೋಲು) ಹಾಕಿಸಲಾ?

ಮೊದಲು 44ರಲ್ಲಿ ನಡುವೆ ಹೊಡೆದು ತೋರಿಸಿ.

ಪ್ರಶ್ನೆ: ಹೊಸ ಡ್ರೈವರನ್ನು ನೂರು ಚೆಂಡು ಹೊಡೆದು ಪಳಗಿಸಬೇಕಾ?

ಎಣ್ಣೆ ಹಚ್ಚಿ ತಟ್ಟೋಕೆ ಅದೇನು ಕ್ರಿಕೆಟ್ ಬ್ಯಾಟಾ?